ಬೂಟ್ ಫರ್ಮ್‌ವೇರ್ ದೋಷಗಳ ಪರಿಶೋಧನೆ: ಒಂದು ಗಣಕಯಂತ್ರ, ಹಲವು ಕಾರ್ಯಾಚರಣ ವ್ಯವಸ್ಥೆಗಳು

ಗಣಕಯಂತ್ರದ ಗುಂಡಿಯನ್ನು ಒತ್ತಿದ ಕ್ಷಣದಿಂದ ಪರದೆಯ ಮೇಲೆ ಪರಿಚಿತ ಚಿತ್ರ ಮೂಡುವವರೆಗಿನ ಅವಧಿ ಸಾಮಾನ್ಯವಾಗಿ ಒಂದೆರಡು ನಿಮಿಷಗಳನ್ನು ಮೀರುವುದಿಲ್ಲ. ಈ ಅಲ್ಪಾವಧಿಯಲ್ಲಿ ಯಂತ್ರದ ನಿಯಂತ್ರಣ ಹಲವು ಕೈಗಳನ್ನು ದಾಟುತ್ತದೆ. ಎಲ್ಲಾದರೂ ಒಂದೆಡೆ ಈ ಹಸ್ತಾಂತರ ತಪ್ಪಿದರೆ ಯಂತ್ರ ಏಳದೆ, ಕಪ್ಪು ಪರದೆಯ ಮೇಲೆ ಒಂದು ಸಾಲಿನ ಸಂದೇಶವಷ್ಟೇ ಉಳಿಯುತ್ತದೆ. ಆ ಸಂದೇಶವನ್ನು ಅರ್ಥಮಾಡಿಕೊಳ್ಳದೆ ಹಾರ್ಡ್ ಡಿಸ್ಕನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ಸ್ಥಾಪಿಸುವ ರೂಢಿ ಬಹಳ ಕಡೆ ಇದೆ. ಕಚೇರಿಯ ಲೆಕ್ಕಪತ್ರ, ವಿದ್ಯಾರ್ಥಿಯ ಪ್ರಬಂಧ, ಕುಟುಂಬದ ಛಾಯಾಚಿತ್ರಗಳು ಅದರೊಂದಿಗೆ ನಾಶವಾಗುತ್ತವೆ. ಎಷ್ಟೋ ವೇಳೆ ಮೂಲ ದೋಷಕ್ಕಿಂತ ಅವಸರದ ಪರಿಹಾರವೇ ಹೆಚ್ಚಿನ ಹಾನಿ ಮಾಡುತ್ತದೆ.

ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಇರಿಸಿಕೊಳ್ಳುವವರ ಸಮಸ್ಯೆ ಇನ್ನೂ ಜಟಿಲ. ಯಂತ್ರದೊಂದಿಗೆ ಬಂದ ವಿಂಡೋಸ್ ಜೊತೆಗೆ ಲಿನಕ್ಸ್‌ನ ಯಾವುದಾದರೊಂದು ರೂಪವನ್ನು ಸ್ಥಾಪಿಸುವುದು ವಿದ್ಯಾರ್ಥಿಗಳಲ್ಲಿಯೂ ಸಂಶೋಧಕರಲ್ಲಿಯೂ ಸಾಮಾನ್ಯ. ಪುಣೆಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಹೊರತಂದ ಬಾಸ್ ಕೂಡ ಲಿನಕ್ಸ್ ಆಧಾರಿತ ವ್ಯವಸ್ಥೆಯೇ. ಇಂತಹ ಯಂತ್ರದಲ್ಲಿ ವಿಂಡೋಸ್ ಎದ್ದು ಲಿನಕ್ಸ್ ಏಳದಿದ್ದರೆ ‘ಯಂತ್ರ ಸರಿಯಿದೆ, ಲಿನಕ್ಸ್ ಕೆಟ್ಟಿದೆ’ ಎಂಬ ತೀರ್ಪು ತಕ್ಷಣ ಹೊರಬೀಳುತ್ತದೆ. ಈ ತೀರ್ಪು ಕೆಲವೊಮ್ಮೆ ನಿಜ, ಹಲವೊಮ್ಮೆ ಸುಳ್ಳು. ಒಂದು ವ್ಯವಸ್ಥೆ ಏಳುತ್ತದೆ ಎಂಬುದಷ್ಟರಿಂದಲೇ ಫರ್ಮ್‌ವೇರ್ ನಿರ್ದೋಷವೆಂದು ಸಿದ್ಧವಾಗುವುದಿಲ್ಲ. ನಿಜವಾದ ದೋಷಸ್ಥಾನವನ್ನು ಕಂಡುಕೊಳ್ಳುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಫರ್ಮ್‌ವೇರಿನ ಕರ್ತವ್ಯ

ಮುಖ್ಯ ಫಲಕದ ಮೇಲಿನ ಒಂದು ಚಿಪ್ಪಿನಲ್ಲಿ ಶಾಶ್ವತವಾಗಿ ನೆಲೆಸಿರುವ ಕ್ರಮವಿಧಿಯೇ ಫರ್ಮ್‌ವೇರ್. ವಿದ್ಯುತ್ ಹರಿದೊಡನೆ ಮೊದಲು ಎಚ್ಚರಗೊಳ್ಳುವುದು ಇದೇ. 1981ರಲ್ಲಿ ಮಾರುಕಟ್ಟೆಗೆ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲಿ ಈ ಕ್ರಮವಿಧಿಯನ್ನು ಬಯೋಸ್ ಎಂದು ಕರೆಯಲಾಯಿತು. ಅದರ ಕಾರ್ಯಕ್ರಮವನ್ನು ನಾಲ್ಕು ಹಂತಗಳಾಗಿ ವಿಂಗಡಿಸಬಹುದು.

ಮೊದಲ ಹಂತ ಸ್ವಪರೀಕ್ಷೆ. ಸಂಸ್ಕಾರಕ, ಸ್ಮೃತಿಕೋಶ, ಪರದೆಯ ಕಾರ್ಡ್, ಕೀಲಿಮಣೆ ಇವು ಕೆಲಸ ಮಾಡುತ್ತಿವೆಯೇ ಎಂಬುದನ್ನು ಫರ್ಮ್‌ವೇರ್ ಪರೀಕ್ಷಿಸುತ್ತದೆ. ಪರದೆ ಇನ್ನೂ ಸಿದ್ಧವಾಗಿರದ ಕಾರಣ ದೋಷವನ್ನು ‘ಬೀಪ್’ ಸದ್ದಿನ ಮೂಲಕ ತಿಳಿಸುವ ಪದ್ಧತಿ ಬೆಳೆದುಬಂದಿತು. ಎಷ್ಟು ಸದ್ದುಗಳಿಗೆ ಯಾವ ಅರ್ಥವೆಂಬುದು ತಯಾರಕರಿಂದ ತಯಾರಕರಿಗೆ ಭಿನ್ನ. ಆದುದರಿಂದ ಆಯಾ ಯಂತ್ರದ ಕೈಪಿಡಿಯನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ಎರಡನೆಯ ಹಂತದಲ್ಲಿ ಬಯೋಸ್ ತನಗೆ ಸೂಚಿಸಲಾದ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ ಸ್ಮೃತಿಕೋಶದ 31,744ನೆಯ ವಿಳಾಸದಲ್ಲಿ ಇರಿಸುತ್ತದೆ. ಆ 512 ಬೈಟುಗಳ ಕೊನೆಯಲ್ಲಿ 85 ಮತ್ತು 170 ಎಂಬ ಎರಡು ಬೆಲೆಗಳಿರಬೇಕು. ಇದು ‘ಇಲ್ಲಿ ಬೂಟ್ ಕ್ರಮವಿಧಿ ಇದೆ’ ಎಂಬುದರ ಗುರುತು. ಹಾರ್ಡ್ ಡಿಸ್ಕಿನಲ್ಲಿ ಈ ಮೊದಲ ಭಾಗಕ್ಕೆ ಮಾಸ್ಟರ್ ಬೂಟ್ ರೆಕಾರ್ಡ್ ಎಂದು ಹೆಸರು. ಅದರಲ್ಲಿ 446 ಬೈಟುಗಳು ಕ್ರಮವಿಧಿಗೆ, 64 ಬೈಟುಗಳು ನಾಲ್ಕು ವಿಭಾಗಗಳ ವಿವರಕ್ಕೆ, ಉಳಿದ 2 ಬೈಟುಗಳು ಮೇಲೆ ಹೇಳಿದ ಗುರುತಿಗೆ ಮೀಸಲು.

ಮೂರನೆಯ ಹಂತದಲ್ಲಿ ಬೂಟ್ ಲೋಡರ್ ಎಂಬ ಮಧ್ಯವರ್ತಿ ಕ್ರಮವಿಧಿ ಅಧಿಕಾರ ವಹಿಸಿಕೊಂಡು, ಕಾರ್ಯಾಚರಣ ವ್ಯವಸ್ಥೆಯ ಕರ್ನೆಲ್ ಎಂಬ ತಿರುಳನ್ನು ಡಿಸ್ಕಿನಿಂದ ಹುಡುಕಿ ತರುತ್ತದೆ. ನಾಲ್ಕನೆಯ ಹಂತದಲ್ಲಿ ಕರ್ನೆಲ್ ಯಂತ್ರವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ.

ಸಂದೇಶ ಯಾರದು?

ಪರಿಶೋಧನೆಯ ಮೊದಲ ಪ್ರಶ್ನೆ ‘ಸಂದೇಶದಲ್ಲಿ ಏನಿದೆ’ ಎಂಬುದಕ್ಕಿಂತ ‘ಅದನ್ನು ಬರೆದವರು ಯಾರು’ ಎಂಬುದಾಗಿರಬೇಕು. ಸಂದೇಶ ಯಾವ ಹಂತದಿಂದ ಬಂದಿದೆಯೋ ಅದಕ್ಕೆ ಹಿಂದಿನ ಹಂತಗಳು ಕನಿಷ್ಠಪಕ್ಷ ತಮ್ಮ ಹಸ್ತಾಂತರವನ್ನು ಮುಗಿಸಿವೆ ಎಂದು ತಿಳಿಯಬಹುದು.

ಡಾಸ್ ಬಳಕೆಯಲ್ಲಿದ್ದ ಕಾಲದ ‘ನಾನ್-ಸಿಸ್ಟಂ ಡಿಸ್ಕ್ ಆರ್ ಡಿಸ್ಕ್ ಎರರ್’ ಎಂಬ ಸಾಲು ಹಲವರಿಗೆ ನೆನಪಿರಬಹುದು. ಅದನ್ನು ಬಯೋಸ್ ಬರೆಯುತ್ತಿದೆಯೆಂದೇ ಬಹುಮಂದಿ ಭಾವಿಸಿದ್ದರು. ವಾಸ್ತವದಲ್ಲಿ ಆ ಸಾಲು ಫ್ಲಾಪಿಯ ಮೊದಲ 512 ಬೈಟುಗಳೊಳಗೇ ಅಡಗಿತ್ತು. ಅಂದರೆ ಫರ್ಮ್‌ವೇರ್ ಫ್ಲಾಪಿಯನ್ನು ಸರಿಯಾಗಿ ಓದಿ ಅಧಿಕಾರವನ್ನು ಒಪ್ಪಿಸಿಯಾಗಿತ್ತು. ಆ ಫ್ಲಾಪಿಯಲ್ಲಿ ಡಾಸ್‌ನ ಕಡತಗಳು ಇರಲಿಲ್ಲ, ಅಷ್ಟೆ. ವಿಂಡೋಸ್ ಎಕ್ಸ್‌ಪಿ ಕಾಲದ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂಬುದೂ ಇದೇ ಬಗೆಯದು. ಅದು ಡಿಸ್ಕಿನ ವಿಭಾಗದ ಆರಂಭದಲ್ಲಿರುವ ಕ್ರಮವಿಧಿಯ ಮಾತು.

ಲಿನಕ್ಸ್‌ನ ಹಳೆಯ ಬೂಟ್ ಲೋಡರ್ ಆದ ಲೈಲೋ ಈ ವಿಷಯದಲ್ಲಿ ಒಳ್ಳೆಯ ಉಪಾಧ್ಯಾಯ. ತನ್ನ ಹೆಸರಿನ ಎಲ್, ಐ, ಎಲ್, ಒ ಎಂಬ ನಾಲ್ಕು ಅಕ್ಷರಗಳನ್ನು ಅದು ಒಂದೊಂದು ಘಟ್ಟ ದಾಟಿದಂತೆ ಒಂದೊಂದಾಗಿ ಪರದೆಯ ಮೇಲೆ ಬರೆಯುತ್ತಿತ್ತು. ಎಲ್ ಎಂಬ ಒಂದೇ ಅಕ್ಷರದ ನಂತರ ದೋಷಸಂಖ್ಯೆ ಬಂದು ನಿಂತರೆ, ಮೊದಲ ಭಾಗ ಬಂದಿದೆ, ಎರಡನೆಯ ಭಾಗವನ್ನು ಓದಲಾಗಿಲ್ಲ ಎಂದರ್ಥ. ಎರಡು ಅಕ್ಷರಗಳಿಗೆ ನಿಂತರೆ ಎರಡನೆಯ ಭಾಗವನ್ನು ಓದಲಾಗಿದೆ, ಆದರೆ ಅದು ನಡೆಯಲಿಲ್ಲ. ನಾಲ್ಕೂ ಅಕ್ಷರಗಳು ಬಂದರೆ ಲೋಡರ್ ಪೂರ್ಣವಾಗಿ ಬಂದಿದೆ. ಲೈಲೋದ ಅಭಿವೃದ್ಧಿ 2015ರ ಕೊನೆಗೆ ನಿಂತಿತು. ಅದು ಕಲಿಸಿದ ಪಾಠಕ್ಕೆ ಮಾತ್ರ ಇಂದಿಗೂ ಬೆಲೆಯಿದೆ.

ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ಗ್ರಬ್ ಎಂಬ ಲೋಡರ್ ‘ಗ್ರಬ್ ರೆಸ್ಕ್ಯೂ’ ಎಂಬ ಸೂಚನೆಯಲ್ಲಿ ನಿಂತರೆ, ಲೋಡರಿನ ತಿರುಳು ಬಂದಿದ್ದರೂ ಅದಕ್ಕೆ ಬೇಕಾದ ಇತರ ಕಡತಗಳಿರುವ ವಿಭಾಗ ಸಿಕ್ಕಿಲ್ಲ. ವಿಭಾಗಗಳನ್ನು ಅಳಿಸಿದಾಗ ಅಥವಾ ಮರುಜೋಡಿಸಿದಾಗ ಹೀಗಾಗುವುದುಂಟು. ‘ಕರ್ನೆಲ್ ಪ್ಯಾನಿಕ್’ ಎಂಬ ಸಂದೇಶ ಬಂದು ಮೂಲ ಕಡತವ್ಯವಸ್ಥೆಯನ್ನು ಜೋಡಿಸಲಾಗಲಿಲ್ಲ ಎಂದು ಹೇಳಿದರೆ ಕರ್ನೆಲ್ ಸ್ಮೃತಿಕೋಶಕ್ಕೆ ಬಂದು ಓಡಲು ತೊಡಗಿಯಾಗಿದೆ. ಅಲ್ಲಿ ಫರ್ಮ್‌ವೇರಿನ ಬೂಟ್ ಕ್ರಮವನ್ನು ತಿದ್ದುತ್ತ ಕೂರುವುದು ವ್ಯರ್ಥ.

ಯುಇಎಫ್‌ಐ: ಬದಲಾದ ಮಾರ್ಗ

ಹಳೆಯ ಬಯೋಸ್ ಪದ್ಧತಿಗೆ ಹಲವು ಮಿತಿಗಳಿದ್ದವು. ಮಾಸ್ಟರ್ ಬೂಟ್ ರೆಕಾರ್ಡಿನ ವಿಭಾಗ ಪಟ್ಟಿಯಿಂದ ಸುಮಾರು 2.2 ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಪೂರ್ಣವಾಗಿ ಬಳಸುವುದು ಸಾಧ್ಯವಿರಲಿಲ್ಲ. ಇಂಟೆಲ್ ಸಂಸ್ಥೆ 1990ರ ದಶಕದಲ್ಲಿ ಆರಂಭಿಸಿದ ಪ್ರಯತ್ನ ಇಎಫ್‌ಐ ಎಂಬ ರೂಪ ತಳೆಯಿತು. 2005ರಲ್ಲಿ ಹಲವು ಸಂಸ್ಥೆಗಳು ಕೂಡಿ ವೇದಿಕೆಯೊಂದನ್ನು ರಚಿಸಿಕೊಂಡ ಮೇಲೆ ಅದು ಯುಇಎಫ್‌ಐ ಎಂಬ ಸಾಮಾನ್ಯ ನಿಯಮಾವಳಿಯಾಯಿತು.

ಇಲ್ಲಿ ಫರ್ಮ್‌ವೇರ್ 512 ಬೈಟುಗಳ ತುಣುಕಿಗೆ ಬದಲಾಗಿ ಡಿಸ್ಕಿನ ಒಂದು ಪ್ರತ್ಯೇಕ ವಿಭಾಗವನ್ನೇ ಓದಬಲ್ಲದು. ಇದಕ್ಕೆ ಇಎಫ್‌ಐ ಸಿಸ್ಟಂ ವಿಭಾಗ ಎನ್ನುತ್ತಾರೆ. ಪ್ರತಿಯೊಂದು ಕಾರ್ಯಾಚರಣ ವ್ಯವಸ್ಥೆಯೂ ತನ್ನ ಲೋಡರನ್ನು ಅಲ್ಲಿ ಒಂದು ಕಡತವಾಗಿ ಇರಿಸುತ್ತದೆ. ಯಾವ ಕಡತವನ್ನು ಯಾವ ಅನುಕ್ರಮದಲ್ಲಿ ಕರೆಯಬೇಕೆಂಬ ಪಟ್ಟಿ ಮುಖ್ಯ ಫಲಕದ ಶಾಶ್ವತ ಸ್ಮೃತಿಯಲ್ಲಿರುತ್ತದೆ. ಪಟ್ಟಿಯ ಪ್ರತಿಯೊಂದು ನಮೂದಿನಲ್ಲಿಯೂ ಕಡತದ ಮಾರ್ಗ ಹಾಗೂ ಮನುಷ್ಯರು ಓದಿಕೊಳ್ಳುವುದಕ್ಕಾಗಿ ಒಂದು ಹೆಸರು ಇರುತ್ತವೆ.

ಯುಇಎಫ್‌ಐ ಬಂದ ಮೇಲೂ ಹಲವು ವರ್ಷ ತಯಾರಕರು ಹಳೆಯ ಬಯೋಸ್ ವಿಧಾನವನ್ನು ಹೊಂದಾಣಿಕೆಗಾಗಿ ಉಳಿಸಿಕೊಂಡು ಬಂದರು. ಎರಡು ವ್ಯವಸ್ಥೆಗಳಿರುವ ಯಂತ್ರಗಳಲ್ಲಿ ಪದೇಪದೇ ಕಾಣುವ ಒಂದು ತೊಡಕು ಇಲ್ಲಿಂದಲೇ ಹುಟ್ಟುತ್ತದೆ. ಒಂದು ವ್ಯವಸ್ಥೆಯನ್ನು ಯುಇಎಫ್‌ಐ ವಿಧಾನದಲ್ಲಿಯೂ ಇನ್ನೊಂದನ್ನು ಹಳೆಯ ವಿಧಾನದಲ್ಲಿಯೂ ಸ್ಥಾಪಿಸಿದರೆ ಒಂದರ ಲೋಡರ್ ಇನ್ನೊಂದನ್ನು ಕರೆಯಲಾರದು. ಎರಡೂ ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದರೂ ಒಂದು ಕಣ್ಮರೆಯಾದಂತೆ ತೋರುತ್ತದೆ. ವಿಂಡೋಸ್‌ನ ‘ಸಿಸ್ಟಂ ಇನ್ಫರ್ಮೇಷನ್’ ಪುಟದಲ್ಲಿ ‘ಬಯೋಸ್ ಮೋಡ್’ ಎಂಬ ಸಾಲನ್ನು ನೋಡಿ ಅದು ಯಾವ ವಿಧಾನದಲ್ಲಿ ಎದ್ದಿದೆ ಎಂಬುದನ್ನು ತಿಳಿಯಬಹುದು. ಇನ್ನೊಂದು ವ್ಯವಸ್ಥೆಯನ್ನೂ ಅದೇ ವಿಧಾನದಲ್ಲಿ ಸ್ಥಾಪಿಸುವುದು ಕ್ಷೇಮ.

ದಾಖಲಾದ ಮೂರು ಪ್ರಕರಣಗಳು

ತಪ್ಪು ಯಾರದೆಂಬ ನಿರ್ಣಯ ಎಷ್ಟು ಸೂಕ್ಷ್ಮವಾದುದು ಎಂಬುದನ್ನು ಮೂರು ಪ್ರಸಿದ್ಧ ಪ್ರಕರಣಗಳು ತೋರಿಸುತ್ತವೆ.

2012ರಲ್ಲಿ ಲೆನೊವೊದ ಥಿಂಕ್‌ಸೆಂಟರ್ ಎಂ92ಪಿ ಯಂತ್ರದಲ್ಲಿ ಫೆಡೋರಾ ಎಂಬ ಲಿನಕ್ಸ್ ರೂಪವನ್ನು ಸ್ಥಾಪಿಸಿದಾಗ, ಸ್ಥಾಪನೆ ಯಶಸ್ವಿಯಾದರೂ ಯಂತ್ರ ಅದನ್ನು ಬೂಟ್ ಮಾಡಲಿಲ್ಲ. ಲಿನಕ್ಸ್ ತಂತ್ರಜ್ಞ ಮ್ಯಾಥ್ಯೂ ಗ್ಯಾರೆಟ್ ಪರಿಶೀಲಿಸಿದಾಗ ವಿಚಿತ್ರವಾದ ಸಂಗತಿ ಹೊರಬಂದಿತು. ಬೂಟ್ ನಮೂದಿನಲ್ಲಿ ಮನುಷ್ಯರ ಅನುಕೂಲಕ್ಕಾಗಿ ಇರುವ ಹೆಸರನ್ನು ಫರ್ಮ್‌ವೇರ್ ತಾನೇ ಓದಿ ಹೋಲಿಸಿ ನೋಡುತ್ತಿತ್ತು. ಅದು ‘ವಿಂಡೋಸ್ ಬೂಟ್ ಮ್ಯಾನೇಜರ್’ ಅಥವಾ ‘ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್’ ಎಂದಿದ್ದರೆ ಮಾತ್ರ ದಾರಿ ಬಿಡುತ್ತಿತ್ತು. ಫೆಡೋರಾದಲ್ಲಿ ಯಾವ ಲೋಪವೂ ಇರಲಿಲ್ಲ. ತಯಾರಕರು ಪರೀಕ್ಷಿಸಿದ ಎರಡು ಹೆಸರುಗಳ ಆಚೆಗೆ ಆ ಫರ್ಮ್‌ವೇರಿಗೆ ಜಗತ್ತೇ ಇರಲಿಲ್ಲ.

ಎರಡನೆಯದು ಸ್ಯಾಮ್ಸಂಗ್‌ನ ಕೆಲವು ಲ್ಯಾಪ್‌ಟಾಪುಗಳದ್ದು. ಲಿನಕ್ಸನ್ನು ಯುಇಎಫ್‌ಐ ವಿಧಾನದಲ್ಲಿ ಬೂಟ್ ಮಾಡಿದ ಬಳಿಕ ಅವು ಮತ್ತೆಂದೂ ಏಳದಂತಾದ ವರದಿಗಳು 2013ರ ಆರಂಭದಲ್ಲಿ ಬೆಳಕಿಗೆ ಬಂದವು. ಮೊದಲು ಲಿನಕ್ಸ್‌ನ ಒಂದು ಚಾಲಕ ಕ್ರಮವಿಧಿಯ ಮೇಲೆ ಸಂಶಯ ಮೂಡಿ, ಯುಇಎಫ್‌ಐ ವಿಧಾನದಲ್ಲಿ ಅದನ್ನು ತಡೆಹಿಡಿಯಲಾಯಿತು. ಆದರೆ ಗ್ಯಾರೆಟ್ ವಿಂಡೋಸ್‌ನಲ್ಲಿಯೇ ಒಂದು ಚಿಕ್ಕ ಕ್ರಮವಿಧಿಯನ್ನು ಓಡಿಸಿ, ಫರ್ಮ್‌ವೇರಿನ ಶಾಶ್ವತ ಸ್ಮೃತಿಯಲ್ಲಿ ಹೆಚ್ಚು ಮಾಹಿತಿಯನ್ನು ತುಂಬಿದಾಗ ಅಂತಹ ಲ್ಯಾಪ್‌ಟಾಪ್ ಅದೇ ರೀತಿ ನಿಷ್ಕ್ರಿಯವಾಯಿತು. ಕಾರ್ಯಾಚರಣ ವ್ಯವಸ್ಥೆ ಬದಲಾದರೂ ಫಲ ಬದಲಾಗಲಿಲ್ಲವಾದುದರಿಂದ, ಆ ಸ್ಮೃತಿಯನ್ನು ನಿರ್ವಹಿಸುವ ಫರ್ಮ್‌ವೇರಿನಲ್ಲಿಯೇ ದೋಷವಿದೆ ಎಂದು ಸಿದ್ಧವಾಯಿತು. ಪರಿಶೋಧನೆಯ ಉತ್ತಮ ಮಾದರಿ ಇದು: ಸಂಶಯವಿರುವ ಒಂದು ಅಂಶವನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಬದಲಿಸಿ ನೋಡುವುದು.

ಮೂರನೆಯ ಪ್ರಕರಣ ಇದಕ್ಕೆ ವಿರುದ್ಧವಾದುದು. 2017ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಉಬುಂಟು 17.10 ಸ್ಥಾಪಿಸಿದ ಅನೇಕ ಲ್ಯಾಪ್‌ಟಾಪುಗಳಲ್ಲಿ, ಮುಖ್ಯವಾಗಿ ಲೆನೊವೊ ಮಾದರಿಗಳಲ್ಲಿ, ಬಯೋಸ್ ಆಯ್ಕೆಗಳನ್ನು ಬದಲಿಸಿದರೂ ಅವು ಉಳಿಯುತ್ತಿರಲಿಲ್ಲ. ಕೆಲವು ಯಂತ್ರಗಳಲ್ಲಿ ಯುಎಸ್‌ಬಿಯಿಂದ ಬೂಟ್ ಮಾಡುವುದೂ ಅಸಾಧ್ಯವಾಯಿತು. ಫರ್ಮ್‌ವೇರ್ ನೆಲೆಸಿರುವ ಚಿಪ್ಪಿನೊಡನೆ ವ್ಯವಹರಿಸುವ ಒಂದು ಇಂಟೆಲ್ ಚಾಲಕ ಕ್ರಮವಿಧಿಯನ್ನು ಆ ಕರ್ನೆಲಿನಲ್ಲಿ ಸಕ್ರಿಯಗೊಳಿಸಿದುದು ಇದಕ್ಕೆ ಕಾರಣವಾಗಿತ್ತು. ಡಿಸೆಂಬರಿನಲ್ಲಿ ಉಬುಂಟು ಆ ಆವೃತ್ತಿಯ ವಿತರಣೆಯನ್ನು ನಿಲ್ಲಿಸಿ, ಚಾಲಕವನ್ನು ತೆಗೆದು, 2018ರ ಜನವರಿಯಲ್ಲಿ ತಿದ್ದಿದ ಪ್ರತಿಯನ್ನು ನೀಡಿತು. ಲಕ್ಷಣಗಳೆಲ್ಲ ಫರ್ಮ್‌ವೇರಿನಲ್ಲಿ ಕಂಡವು, ಮೂಲ ಮಾತ್ರ ಕಾರ್ಯಾಚರಣ ವ್ಯವಸ್ಥೆಯಲ್ಲಿತ್ತು.

ಸಹಿಯ ಪರೀಕ್ಷೆ

2011ರಿಂದೀಚೆಗೆ ಯುಇಎಫ್‌ಐ ನಿಯಮಾವಳಿಯಲ್ಲಿ ರೂಪುಗೊಂಡ ಸೆಕ್ಯೂರ್ ಬೂಟ್ 2012ರಲ್ಲಿ ವಿಂಡೋಸ್ 8ರೊಂದಿಗೆ ವ್ಯಾಪಕವಾಗಿ ಬಳಕೆಗೆ ಬಂದಿತು. ಫರ್ಮ್‌ವೇರ್ ತನ್ನಲ್ಲಿರುವ ಕೀಲಿಗಳಿಂದ ಲೋಡರಿನ ಡಿಜಿಟಲ್ ಸಹಿಯನ್ನು ಪರೀಕ್ಷಿಸಿ, ಒಪ್ಪಿಗೆಯಾದರೆ ಮಾತ್ರ ಅಧಿಕಾರ ನೀಡುತ್ತದೆ. ದುಷ್ಟ ಕ್ರಮವಿಧಿಗಳು ಕಾರ್ಯಾಚರಣ ವ್ಯವಸ್ಥೆಗಿಂತ ಮೊದಲೇ ಒಳನುಸುಳದಂತೆ ಕಾಯುವುದು ಇದರ ಉದ್ದೇಶ. ಬಹುತೇಕ ಯಂತ್ರಗಳಲ್ಲಿ ಮೈಕ್ರೋಸಾಫ್ಟ್‌ನ ಕೀಲಿಗಳೇ ಇರುವುದರಿಂದ ಪ್ರಮುಖ ಲಿನಕ್ಸ್ ರೂಪಗಳು ಶಿಮ್ ಎಂಬ ಚಿಕ್ಕ ಲೋಡರಿಗೆ ಮೈಕ್ರೋಸಾಫ್ಟ್‌ನಿಂದ ಸಹಿ ಪಡೆದು, ಅದರ ಮೂಲಕ ಗ್ರಬ್ ಅನ್ನು ಕರೆಯುತ್ತವೆ.

ಇಲ್ಲಿ ಒಂದು ವ್ಯವಸ್ಥೆಯ ಪರಿಷ್ಕರಣೆ ಇನ್ನೊಂದನ್ನು ತಡೆಯಬಹುದು. ಹಳೆಯ ಗ್ರಬ್‌ನ ಒಂದು ಭದ್ರತಾ ಲೋಪದ ಕಾರಣ 2024ರ ಆಗಸ್ಟಿನಲ್ಲಿ ವಿಂಡೋಸ್‌ನ ಪರಿಷ್ಕರಣೆಯೊಂದು ಅಂತಹ ಲೋಡರುಗಳನ್ನು ನಿಷೇಧಿಸುವ ಪಟ್ಟಿಯನ್ನು ಫರ್ಮ್‌ವೇರಿನ ಸ್ಮೃತಿಗೆ ಸೇರಿಸಿತು. ಎರಡು ವ್ಯವಸ್ಥೆಗಳಿರುವ ಯಂತ್ರಗಳಿಗೆ ಇದು ಅನ್ವಯಿಸಬಾರದೆಂಬ ಉದ್ದೇಶವಿದ್ದರೂ ಕೆಲವು ಯಂತ್ರಗಳಲ್ಲಿ ಅದು ಅನ್ವಯವಾಗಿ, ಲಿನಕ್ಸ್‌ನ ಬದಲು ‘ಸೆಕ್ಯೂರಿಟಿ ಪಾಲಿಸಿ ವಯಲೇಷನ್’ ಎಂಬ ಸಂದೇಶ ಕಾಣಿಸಿಕೊಂಡಿತು. ಅಂತಹವರ ಲಿನಕ್ಸ್ ಕಡತಗಳು ಡಿಸ್ಕಿನಲ್ಲಿ ಹಾಗೆಯೇ ಇದ್ದವು. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸ್‌ನ ಒಳಹೊಕ್ಕು ಲೋಡರನ್ನು ಹೊಸದಾಗಿಸಿಕೊಂಡು, ಮತ್ತೆ ಅದನ್ನು ಚಾಲೂ ಮಾಡಿದವರು ಏನನ್ನೂ ಕಳೆದುಕೊಳ್ಳಲಿಲ್ಲ.

ದೋಷದಂತೆ ಕಾಣುವ ಭಿನ್ನ ರೂಢಿಗಳು

ಕೆಲವು ತೊಡಕುಗಳಿಗೆ ಯಾರ ತಪ್ಪೂ ಕಾರಣವಲ್ಲ. ಮುಖ್ಯ ಫಲಕದ ಗಡಿಯಾರ ಸ್ಥಳೀಯ ಸಮಯವನ್ನು ತೋರಿಸುತ್ತಿದೆಯೆಂದು ವಿಂಡೋಸ್ ಭಾವಿಸುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಅದನ್ನು ಅಂತರರಾಷ್ಟ್ರೀಯ ಏಕರೂಪ ಸಮಯವೆಂದು ಗ್ರಹಿಸುತ್ತದೆ. ಭಾರತದಲ್ಲಿ ಎರಡಕ್ಕೂ ಐದೂವರೆ ಗಂಟೆಗಳ ಅಂತರ. ವ್ಯವಸ್ಥೆಯನ್ನು ಬದಲಿಸಿದಾಗಲೆಲ್ಲ ಗಡಿಯಾರ ನಿಖರವಾಗಿ 5 ಗಂಟೆ 30 ನಿಮಿಷ ಹಿಂದೆ ಅಥವಾ ಮುಂದೆ ಹೋಗುತ್ತಿದ್ದರೆ ಫಲಕದ ಬ್ಯಾಟರಿಯನ್ನು ಬದಲಿಸುವ ಅಗತ್ಯವಿಲ್ಲ. ಎರಡರಲ್ಲಿ ಒಂದಕ್ಕೆ ಇನ್ನೊಂದರ ರೂಢಿಯನ್ನು ಕಲಿಸಿದರೆ ಸಾಕು. ಯಂತ್ರವನ್ನು ಆರಿಸಿದಾಗಲೆಲ್ಲ ದಿನಾಂಕವೇ ಹಲವು ವರ್ಷ ಹಿಂದಕ್ಕೆ ಹೋದರೆ ಮಾತ್ರ ಬ್ಯಾಟರಿಯನ್ನು ಸಂಶಯಿಸಬೇಕು.

ಡಿಸ್ಕ್ ನಿಯಂತ್ರಕದ ವಿಧಾನವೂ ಹೀಗೆಯೇ. ಕೆಲವು ಯಂತ್ರಗಳು ‘ರೇಡ್’ ವಿಧಾನದಲ್ಲಿ ಮಾರಾಟವಾಗುತ್ತವೆ. ಅಲ್ಲಿ ವಿಂಡೋಸ್ ಸರಾಗವಾಗಿ ಏಳುತ್ತದೆ, ಲಿನಕ್ಸ್‌ಗೆ ಡಿಸ್ಕೇ ಕಾಣದಿರಬಹುದು. ಅದನ್ನು ‘ಎಎಚ್‌ಸಿಐ’ಗೆ ಬದಲಿಸಿದರೆ ಲಿನಕ್ಸ್‌ಗೆ ಡಿಸ್ಕ್ ಸಿಗುತ್ತದೆ. ಆದರೆ ಮುಂಚಿತವಾಗಿ ಸಿದ್ಧಪಡಿಸದ ವಿಂಡೋಸ್ ತನ್ನ ಡಿಸ್ಕ್ ತಲುಪಲಾಗದೆ ನೀಲಿ ಪರದೆಯಲ್ಲಿ ನಿಲ್ಲಬಹುದು. ಹಿಂದಿನ ಆಯ್ಕೆಗೆ ಮರಳಿದರೆ ಅದು ಮತ್ತೆ ಏಳುತ್ತದೆ.

ಪರಿಶೋಧನೆಯ ಕ್ರಮ

ಮೇಲಿನ ವಿವರಣೆಯಿಂದ ಕೆಳಕಂಡ ಕ್ರಮ ರೂಪುಗೊಳ್ಳುತ್ತದೆ.

1. ಸಂದೇಶವನ್ನು ಅಕ್ಷರಶಃ ಬರೆದುಕೊಳ್ಳಬೇಕು ಅಥವಾ ಅದರ ಛಾಯಾಚಿತ್ರ ತೆಗೆಯಬೇಕು. ಅದು ಯಾವ ಹಂತದ ಸಂದೇಶವೆಂದು ನಿರ್ಧರಿಸಬೇಕು.

2. ಕೊನೆಯ ಬಾರಿ ಯಂತ್ರ ಸರಿಯಾಗಿ ಎದ್ದ ನಂತರ ಏನೇನು ಬದಲಾಯಿತು ಎಂಬುದನ್ನು ಪಟ್ಟಿಮಾಡಬೇಕು. ಪರಿಷ್ಕರಣೆ, ಹೊಸ ಡಿಸ್ಕ್, ಬದಲಿಸಿದ ಆಯ್ಕೆ ಎಲ್ಲವೂ ಪಟ್ಟಿಯಲ್ಲಿರಲಿ.

3. ಯಾವುದನ್ನೂ ಮುಟ್ಟುವ ಮೊದಲು ಯುಎಸ್‌ಬಿಯಿಂದ ನೇರವಾಗಿ ಓಡುವ ಲಿನಕ್ಸ್ ಬಳಸಿ ಮುಖ್ಯ ಕಡತಗಳ ಪ್ರತಿಯನ್ನು ತೆಗೆದಿಡಬೇಕು. ಯುಎಸ್‌ಬಿಯಿಂದ ಯಂತ್ರ ಎದ್ದರೆ ಸಂಸ್ಕಾರಕ ಹಾಗೂ ಸ್ಮೃತಿಕೋಶ ಬಹುಮಟ್ಟಿಗೆ ಸುಸ್ಥಿತಿಯಲ್ಲಿವೆಯೆಂಬುದೂ ತಿಳಿಯುತ್ತದೆ.

4. ವಿಂಡೋಸ್‌ನ ಡಿಸ್ಕ್ ಬಿಟ್‌ಲಾಕರ್‌ನಿಂದ ಭದ್ರವಾಗಿದ್ದರೆ ಫರ್ಮ್‌ವೇರಿನ ಆಯ್ಕೆಗಳನ್ನು ಬದಲಿಸುವ ಮೊದಲು ಅದರ 48 ಅಂಕಿಗಳ ಪುನಃಪ್ರಾಪ್ತಿ ಕೀಲಿಯನ್ನು ಕೈಯಲ್ಲಿಟ್ಟುಕೊಳ್ಳಬೇಕು. ಆ ಕೀಲಿಯಿಲ್ಲದೆ ಬೀಗ ಬಿದ್ದ ಡಿಸ್ಕನ್ನು ತಂತ್ರಜ್ಞರೂ ತೆರೆಯಲಾರರು.

5. ಒಂದು ಬಾರಿಗೆ ಒಂದೇ ಆಯ್ಕೆಯನ್ನು ಬದಲಿಸಿ ಫಲವನ್ನು ಬರೆದುಕೊಳ್ಳಬೇಕು. ಫಲ ಕಾಣದಿದ್ದರೆ ಆಯ್ಕೆಯನ್ನು ಮೊದಲಿನಂತೆ ಮಾಡಿ ಮುಂದಿನದಕ್ಕೆ ಹೋಗಬೇಕು. ಮೂರು ಆಯ್ಕೆಗಳನ್ನು ಒಟ್ಟಿಗೆ ಬದಲಿಸಿದಾಗ ಯಂತ್ರ ಎದ್ದರೂ ಕಾರಣ ತಿಳಿಯುವುದಿಲ್ಲ.

6. ಬೂಟ್ ವಿಧಾನ, ಬೂಟ್ ಅನುಕ್ರಮ, ಸೆಕ್ಯೂರ್ ಬೂಟ್, ಡಿಸ್ಕ್ ನಿಯಂತ್ರಕದ ವಿಧಾನ ಇವನ್ನು ಇದೇ ಅನುಕ್ರಮದಲ್ಲಿ ಪರಿಶೀಲಿಸುವುದು ಉಚಿತ.

7. ಫರ್ಮ್‌ವೇರನ್ನೇ ಹೊಸದಾಗಿಸುವುದು ಕೊನೆಯ ಉಪಾಯವಾಗಿರಲಿ. ಅದೇ ಮಾದರಿಯ ಯಂತ್ರಕ್ಕೆ ತಯಾರಕರು ನೀಡಿದ ಪ್ರತಿಯನ್ನೇ ಬಳಸಬೇಕು. ನಡುವೆ ವಿದ್ಯುತ್ ಕಡಿತವಾದರೆ ಯಂತ್ರ ನಿಷ್ಕ್ರಿಯವಾಗುವ ಅಪಾಯವಿರುವುದರಿಂದ ಯುಪಿಎಸ್ ಅಥವಾ ತುಂಬಿದ ಬ್ಯಾಟರಿಯ ಆಸರೆ ಅವಶ್ಯ.

ತಂತ್ರಶಾಸ್ತ್ರದ ವಿದ್ಯಾರ್ಥಿಗಳು ಈ ಪ್ರಯೋಗಗಳನ್ನು ನಿಜವಾದ ಯಂತ್ರದ ಮೇಲೆ ಮಾಡಬೇಕಾಗಿಲ್ಲ. ಕ್ಯೂಇಎಂಯು ಎಂಬ ಮುಕ್ತ ತಂತ್ರಾಂಶದಲ್ಲಿ ಕಲ್ಪಿತ ಯಂತ್ರವೊಂದನ್ನು ರಚಿಸಿ, ಅದಕ್ಕೆ ಓವಿಎಂಎಫ್ ಎಂಬ ಮುಕ್ತ ಯುಇಎಫ್‌ಐ ಫರ್ಮ್‌ವೇರನ್ನು ಜೋಡಿಸಿ, ಬೇರೆ ಬೇರೆ ವ್ಯವಸ್ಥೆಗಳನ್ನು ಬೂಟ್ ಮಾಡಿ ನೋಡಬಹುದು. ಒಂದು ವ್ಯವಸ್ಥೆ ಅಲ್ಲಿ ಎದ್ದು ನಿಜವಾದ ಯಂತ್ರದಲ್ಲಿ ಏಳದಿದ್ದರೆ ಸಂಶಯ ಆ ಯಂತ್ರದ ಫರ್ಮ್‌ವೇರಿನತ್ತ ಅಥವಾ ಅದರ ಆಯ್ಕೆಗಳತ್ತ ವಾಲುತ್ತದೆ.

ಉಪಸಂಹಾರ

ಫರ್ಮ್‌ವೇರ್ ಮತ್ತು ಕಾರ್ಯಾಚರಣ ವ್ಯವಸ್ಥೆಗಳ ನಡುವಣ ಸಂಬಂಧ ಲಿಖಿತ ನಿಯಮಾವಳಿಯ ಮೇಲೆ ನಿಂತಿದೆ. ತಯಾರಕರು ಒಂದೇ ವ್ಯವಸ್ಥೆಯೊಂದಿಗೆ ಪರೀಕ್ಷಿಸಿ ತೃಪ್ತರಾದಾಗ ನಿಯಮದಿಂದ ತಪ್ಪಿದ ನಡೆಗಳು ಬಚ್ಚಿಟ್ಟುಕೊಳ್ಳುತ್ತವೆ. ಇನ್ನೊಂದು ವ್ಯವಸ್ಥೆ ಬಂದು ಬಾಗಿಲು ತಟ್ಟಿದಾಗ ಅವು ಹೊರಬೀಳುತ್ತವೆ. ಅಂತಹ ದೋಷವನ್ನು ಕಂಡ ಬಳಕೆದಾರರು ಯಂತ್ರದ ಮಾದರಿ, ಫರ್ಮ್‌ವೇರಿನ ಆವೃತ್ತಿ, ಬೂಟ್ ವಿಧಾನ, ಪರದೆಯ ಸಂದೇಶ ಹಾಗೂ ಯಾವ ವ್ಯವಸ್ಥೆಗಳು ಎದ್ದವು, ಯಾವುವು ಏಳಲಿಲ್ಲ ಎಂಬ ವಿವರಗಳನ್ನು ತಯಾರಕರಿಗೂ ಆ ವ್ಯವಸ್ಥೆಯನ್ನು ರೂಪಿಸಿದವರಿಗೂ ಬರೆದು ತಿಳಿಸಬೇಕು. ಇಷ್ಟು ವಿವರಗಳಿರುವ ಒಂದು ಪತ್ರ ‘ಯಂತ್ರ ಏಳುತ್ತಿಲ್ಲ’ ಎಂಬ ನೂರು ದೂರುಗಳಿಗಿಂತ ಹೆಚ್ಚು ಪ್ರಯೋಜನಕಾರಿ. ಡಿಸ್ಕನ್ನು ಅಳಿಸುವ ಮುನ್ನ ಅರ್ಧ ಗಂಟೆಯ ಕಾಲ ಸಂದೇಶವನ್ನು ಓದಿ ಯೋಚಿಸಿದರೆ, ಬಹಳಷ್ಟು ಸಂದರ್ಭಗಳಲ್ಲಿ ವರ್ಷಗಳ ಶ್ರಮ ಉಳಿಯುತ್ತದೆ.